ಪೇಂಟರಣ್ಣ ಅಟ್ಟ ಹತ್ತಿದ್ದು

ಈಗ ಪೇಂಟರಣ್ಣನನ್ನು ನೋಡಿದವರಿಗೆ, ಈ ಮನುಷ್ಯ ಒಂದು ಕಾಲದಲ್ಲಿ ಬಲ್ಬು ಬದಲಾಯಿಸಲು ಸ್ಟೂಲು ಹತ್ತುವುದಕ್ಕೂ ಹೆದರುತ್ತಿದ್ದರು ಎಂದರೆ ನಗು ಬರುತ್ತದೆ. ನನಗೆ ಬರುವುದಿಲ್ಲ. ಅವರ ಕೆಳಗಿನ ಮನೆ ನನ್ನದು. ಅವರ ನೆಲವೇ ನನ್ನ ಸೂರು. ಮೇಲೆ ಯಾರು ಓಡಾಡಿದರು, ಯಾರು ಎದ್ದು ಮತ್ತೆ ಅಲ್ಲೇ ಕೂತರು ಎನ್ನುವುದೆಲ್ಲ ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ನನ್ನ ಕಿವಿಗೆ ಬೀಳುತ್ತದೆ.

ನಮ್ಮದು ಮೂರು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ಮನೆಯೊಡತಿ ಒಬ್ಬರೇ ಇರುತ್ತಾರೆ. ನಾವೆಲ್ಲ ಅವರನ್ನು ಓನರಮ್ಮ ಎನ್ನುತ್ತೇವೆ. ನಡುವೆ ನಾನು, ನನ್ನ ಯಂತ್ರ, ನನ್ನ ಬಟ್ಟೆಯ ಗಂಟುಗಳು. ಮೇಲೆ ಪೇಂಟರಣ್ಣ, ಅವರ ಹೆಂಡತಿ, ಒಬ್ಬಳೇ ಮಗಳು. ಮೆಟ್ಟಿಲುಗಳು ಗೋಡೆಗೆ ಅಂಟಿಕೊಂಡು ಸುತ್ತುತ್ತ ಮೇಲೇರುತ್ತವೆ. ನಡುವೆ ನೆಲದಿಂದ ಮಾಡಿನವರೆಗೆ ಬಾವಿಯಂಥ ಖಾಲಿ ಜಾಗ. ಅದರ ನೆತ್ತಿಯಲ್ಲಿ, ಹೆಂಚಿನ ಅಡಿಗೆ, ಒಂದು ಅಟ್ಟ. ಅದು ಮೇಲಿನ ಮನೆಗೆ ಸೇರಿದ್ದು. ಅವರ ಅಡುಗೆಮನೆಯಲ್ಲಿ ಏಣಿ ಇಟ್ಟು ಹತ್ತಬೇಕು. ಈ ಮನೆ ಕಟ್ಟಿಸಿದವರು ಕಾಳಿನ ವ್ಯಾಪಾರ ಮಾಡುತ್ತಿದ್ದರಂತೆ. ಮೂಟೆಗಳನ್ನು ಮೇಲೆಳೆದುಕೊಳ್ಳಲು ಅಟ್ಟದಿಂದ ಮೆಟ್ಟಿಲಿನ ಬಾವಿಯ ಕಡೆಗೆ ಜೋಡಿ ಕದದ ಒಂದು ಕಿಂಡಿ ಇಡಿಸಿ, ಅದರ ಮೇಲೆ ಬಾವಿಯ ನಡುವಿನವರೆಗೆ ಚಾಚುವಂತೆ ದಪ್ಪ ತೊಲೆಯೊಂದನ್ನು ಹಾಕಿಸಿದ್ದರು. ಆ ಕದ ತೆರೆದದ್ದನ್ನು ನಾನಂತೂ ಕಂಡಿರಲಿಲ್ಲ.

ಎತ್ತರದ ಕಟ್ಟಡಗಳಿಗೆ ಹೊರಗಿನಿಂದ ಬಣ್ಣ ಹೊಡೆಯುವುದು ಪೇಂಟರಣ್ಣನ ಕಸುಬು. ತಾರಸಿಯ ಅಂಚಿನಿಂದ ಹಗ್ಗ ಇಳಿಬಿಟ್ಟು, ಅದಕ್ಕೊಂದು ಹಲಗೆ ಕಟ್ಟಿ, ಹಲಗೆಯ ಮೇಲೆ ಕೂತು ಕಾಲಾಡಿಸುತ್ತ ಗೋಡೆ ಬಳಿಯುವ ಕೆಲಸ. ನಾನೇ ಒಮ್ಮೆ ಪೇಟೆಯ ದಾರಿಯಲ್ಲಿ ಹೋಗುವಾಗ ಆಕಾಶದಿಂದ ದನಿ ಬಂತು: “ಟೈಲರಮ್ಮಾ, ಛತ್ರಿ ಬಿಚ್ಚಿ! ಇವತ್ತು ಹಳದಿ ಮಳೆ ಇದೆ!” ತಲೆಯೆತ್ತಿದರೆ ಆರನೆಯ ಮಹಡಿಯ ಹತ್ತಿರ ಎರಡು ಪಾದಗಳು, ಅವುಗಳ ನಡುವೆ ಒಂದು ನಗು. ಹಾಗಿದ್ದರು ಅವರು. ಮಾತಾಡಿದರೆ ಬೀದಿಯ ಆ ತುದಿಗೆ ಕೇಳಬೇಕು, ನಕ್ಕರೆ ಈ ತುದಿಗೆ.

ಆಮೇಲೊಂದು ದಿನ, ಹಳೆಯ ಕಟ್ಟಡವೊಂದರ ಮೇಲೆ, ಹಗ್ಗ ಬಿಗಿದಿದ್ದ ಕಬ್ಬಿಣದ ಕೊಂಡಿ ಒಳಗೊಳಗೇ ತುಕ್ಕು ತಿಂದು ಟೊಳ್ಳಾಗಿದ್ದದ್ದು ಕಿತ್ತುಬಂತು. ಕೆಳಗಿನ ಅಂಗಡಿಯ ತಗಡಿನ ಮಾಡು ಅಡ್ಡ ಸಿಕ್ಕಿದ್ದರಿಂದ ಜೀವ ಉಳಿಯಿತು. ಸೊಂಟಕ್ಕೆ ರಾಡು ಹಾಕಿದರು. ಮೂಳೆ ಕೂಡಿತು, ಗಾಯ ಮಾಯಿತು, ಆದರೆ ಮನೆಗೆ ಬಂದವರು ಬೇರೆಯೇ ಮನುಷ್ಯ. ಮೆಟ್ಟಿಲು ಹತ್ತುವಾಗ ಗೋಡೆಯ ಕಡೆಗೇ ಒರಗಿಕೊಂಡು ಹತ್ತುತ್ತಿದ್ದರು, ಬಾವಿಯ ಕಡೆಯ ಕಂಬಿಯನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಬಟಾಣಿ ಸುಲಿಯುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ಬೀದಿಯ ತಿರುವು ದಾಟಿ ಆಚೆ ಹೋಗುತ್ತಿರಲಿಲ್ಲ. ನಡೆದರೆ ಸೊಂಟ ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದರು. ವರ್ಷಗಳು ಹಾಗೇ ಉರುಳಿದವು.

ಮನೆ ನಡೆಸಿದವರು ಅವರ ಹೆಂಡತಿ, ನನ್ನ ಪಾಲಿಗೆ ಅತ್ತಿಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರಿಗೆ ಕೆಲಸ. ಬೆಳಗಾಗುವ ಹೊತ್ತಿಗೆ ಸೈಕಲ್ ಹತ್ತಿದರೆ ಸಂಜೆಗೆ ವಾಪಸು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳದೂ ಒಂದು ಸೈಕಲ್ ಬಂತು. ಎರಡೂ ಕೆಳಗಿನ ಓಣಿಯಲ್ಲಿ, ಮೆಟ್ಟಿಲಿನ ಬುಡದಲ್ಲಿ ಒಂದರ ಮೇಲೊಂದು ಒರಗಿ ನಿಲ್ಲುತ್ತಿದ್ದವು.

ಗಲಾಟೆ ಶುರುವಾದದ್ದು ಅಲ್ಲಿಂದಲೇ. ಓನರಮ್ಮ ಒಂದು ಸಂಜೆ ಕರೆಂಟು ಹೋದಾಗ ಬಾಗಿಲು ತೆರೆದು ಹೊರಗೆ ಕಾಲಿಟ್ಟವರು ಪೆಡಲಿಗೆ ಮುಂಗಾಲು ಬಡಿಸಿಕೊಂಡು, ಎರಡೂ ಸೈಕಲ್ಲುಗಳನ್ನು ಮೈಮೇಲೆ ಕೆಡವಿಕೊಂಡರು. ಆ ಸದ್ದಿಗೆ ನಾನು ಇಳಿದು ಓಡಿದೆ. ಹ್ಯಾಂಡಲ್ಲಿನ ಗಂಟೆ ಅವರ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡು, ಅವರು ಅಲ್ಲಾಡಿದಾಗಲೆಲ್ಲ ಟ್ರಿಂಗ್ ಎನ್ನುತ್ತಿತ್ತು. ನಗಬಾರದೆಂದು ನಾನು ತುಟಿ ಕಚ್ಚಿಕೊಂಡು ಅವರನ್ನು ಎಬ್ಬಿಸಿ ಕೂರಿಸಿದೆ.

“ಈ ಮನೇಲಿ ನಾನಿರಬೇಕು, ಇಲ್ಲ ಸೈಕಲ್ ಇರಬೇಕು,” ಎಂದರು ಓನರಮ್ಮ, ಮುಂಗಾಲು ಉಜ್ಜುತ್ತ. “ಇಬ್ಬರೂ ಇರೋಕಾಗಲ್ಲ. ಹೇಳ್ಬಿಡು ಅವರಿಗೆ.”

ಹೇಳುವ ಅಗತ್ಯವೇ ಇರಲಿಲ್ಲ. ಅತ್ತಿಗೆ ಮೇಲಿನಿಂದ ಕೇಳಿಸಿಕೊಂಡಿದ್ದರು. ಮಾರನೆಯ ದಿನದಿಂದ ಸೈಕಲ್ಲುಗಳು ಬೀದಿಗೆ ಬಿದ್ದವು. ದೀಪದ ಕಂಬಕ್ಕೆ ಸರಪಳಿ ಸುತ್ತಿ ಬೀಗ ಹಾಕಿದರು. ಕೆಲವು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಅತ್ತಿಗೆ ಕೆಳಗಿಳಿದಾಗ ಕಂಬ ಇತ್ತು, ಸರಪಳಿ ಇತ್ತು, ಬೀಗ ಇತ್ತು, ಮಗಳ ಸೈಕಲ್ ಇತ್ತು, ಬೀಗದೊಳಗೆ ಅವರ ಸೈಕಲ್ಲಿನ ಮುಂದಿನ ಚಕ್ರವೂ ಇತ್ತು. ಅದರ ಮಿಕ್ಕ ಭಾಗ ಇರಲಿಲ್ಲ. ಆ ಚಕ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ನನ್ನ ಬಾಗಿಲು ತಟ್ಟಿದರು.

“ನೋಡು, ಕಳ್ಳ ಎಷ್ಟು ಒಳ್ಳೆಯವನು. ನನಗೂ ಒಂದು ಪಾಲು ಬಿಟ್ಟು ಹೋಗಿದಾನೆ,” ಎಂದರು. ಹಾಸ್ಯ ಮಾಡುತ್ತಲೇ ಕಣ್ಣು ಒರೆಸಿಕೊಂಡರು.

ಮತ್ತೊಂದು ಹಳೆಯ ಸೈಕಲ್ ಹೇಗೋ ಹೊಂದಿಸಿಕೊಂಡರು. ಕೆಳಗೆ ಇಡುವ ಹಾಗಿಲ್ಲ, ಹೊರಗೆ ಇಡುವ ಧೈರ್ಯವಿಲ್ಲ. ಹೀಗಾಗಿ ದಿನವೂ ಸಂಜೆ ಅಮ್ಮ, ಮಗಳು ಇಬ್ಬರೂ ಸೈಕಲ್ಲನ್ನು ಹೆಗಲಿಗೇರಿಸಿ ಮೇಲಿನ ಮನೆಯವರೆಗೆ ಹೊರತೊಡಗಿದರು. ಗೋಡೆಯ ಸುಣ್ಣ ಕಿತ್ತುಬಂತು. ನನ್ನ ಬಾಗಿಲಿನ ಮೇಲೆ ಹ್ಯಾಂಡಲ್ಲಿನ ಗೀರುಗಳು ಮೂಡಿದವು. ಮೇಲೆ ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಒಂದು ಸೈಕಲ್ ಮಂಚದ ಪಕ್ಕ, ಇನ್ನೊಂದು ಒಲೆಯ ಪಕ್ಕ. ಮಗ್ಗುಲು ಬದಲಿಸಿದರೆ ಪೆಡಲು ಬೆನ್ನಿಗೆ ತಿವಿಯುತ್ತದೆ ಎಂದು ಪೇಂಟರಣ್ಣ ಹೇಳಿದ್ದೇ ಆ ತಿಂಗಳುಗಳಲ್ಲಿ ನಾನು ಅವರಿಂದ ಕೇಳಿದ ಅತಿ ಉದ್ದದ ಮಾತು.

ಒಂದು ಸಂಜೆ ಅತ್ತಿಗೆ ಕೆಲಸದಿಂದ ತುಂಬ ಸೋತು ಬಂದಿದ್ದರು. ಸೈಕಲ್ ಹೊತ್ತು ನನ್ನ ಬಾಗಿಲು ದಾಟಿ ಎರಡನೆಯ ತಿರುವಿಗೆ ಬಂದಾಗ ಕಾಲು ಜಾರಿತು. ಸೈಕಲ್ ಕಂಬಿಗೆ ಬಡಿದು ಮೆಟ್ಟಿಲ ಮೇಲೆ ಧಡಧಡ ಉರುಳಿ ನನ್ನ ಬಾಗಿಲ ಬುಡಕ್ಕೆ ಬಂತು. ಹೊರಗೆ ಬಂದು ನೋಡಿದರೆ ಅತ್ತಿಗೆ ಮೆಟ್ಟಿಲಿನ ಮೇಲೆ ಕೂತಿದ್ದರು. ದೊಡ್ಡ ಪೆಟ್ಟೇನೂ ಆಗಿರಲಿಲ್ಲ, ಮೊಣಕೈ ತರಚಿತ್ತು. ಮೇಲೆ ಪೇಂಟರಣ್ಣ ಬಾಗಿಲಿಗೆ ಬಂದು ನಿಂತಿದ್ದರು. ಇಳಿಯಬೇಕೆಂದು ಒಂದು ಕಾಲು ಮುಂದಿಟ್ಟರು. ಅವಸರದಲ್ಲಿ ಗೋಡೆಯ ಆಸರೆ ತಪ್ಪಿತು, ಕಣ್ಣು ಬಾವಿಯ ಕಡೆ ಹೋಯಿತು. ಅಲ್ಲೇ ಕಲ್ಲಾದರು. ಹೆಂಡತಿ ನಾಲ್ಕು ಹೆಜ್ಜೆ ದೂರದಲ್ಲಿ ಬಿದ್ದಿದ್ದಾಳೆ, ತನಗೆ ಹೋಗಲಾಗುತ್ತಿಲ್ಲ. ಅವರ ಮುಖವನ್ನು ನಾನು ಹೆಚ್ಚು ಹೊತ್ತು ನೋಡಲಿಲ್ಲ, ನೋಡುವಂತಿರಲಿಲ್ಲ.

“ಏನಿಲ್ಲ ಕಣ್ರೀ, ನೀವು ಒಳಗೆ ಹೋಗಿ,” ಎಂದರು ಅತ್ತಿಗೆ.

ಅವರು ಒಳಗೆ ಹೋಗಲಿಲ್ಲ. ನಾವಿಬ್ಬರೂ ಸೈಕಲ್ ಹೊತ್ತು ಮೇಲೆ ತಲುಪುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ತಲೆಯೆತ್ತಿ ಆ ಮುಚ್ಚಿದ ಕಿಂಡಿಯನ್ನು ನೋಡಿದರು.

“ಅಟ್ಟ ಇದೆಯಲ್ಲ,” ಎಂದರು.

“ಇದೆ. ಅಲ್ಲಿಗೆ ಯಾರು ಹತ್ತಿಸ್ತಾರೆ? ಮನೆವರೆಗೆ ತರೋದ್ರಲ್ಲೇ ನನ್ನ ಸೊಂಟ ಬಿದ್ದು ಹೋಗಿದೆ,” ಎಂದು ಅತ್ತಿಗೆ ಒಳಗೆ ನಡೆದರು. ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಮಾರನೆಯ ಮಧ್ಯಾಹ್ನ, ಅಮ್ಮ ಮಗಳು ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ನನ್ನ ಸೂರಿನ ಮೇಲೆ ಏನೋ ಎಳೆದ ಸದ್ದಾಯಿತು. ಆಮೇಲೆ ಮರ ಕಿರುಗುಟ್ಟಿತು. ಸ್ವಲ್ಪ ಹೊತ್ತು ಮೌನ. ಮತ್ತೆ ಕಿರುಗುಟ್ಟಿ, ಧೊಪ್ಪೆಂದು ಪಾದ ನೆಲಕ್ಕೆ ಬಿತ್ತು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಇಲಿ ಹಿಡಿಯುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ತಡೆಯಲಾರದೆ, ಒಂದು ಬಟ್ಟಲು ಸಕ್ಕರೆ ಕೇಳುವ ನೆಪ ಮಾಡಿಕೊಂಡು ಮೇಲೆ ಹೋದೆ.

ಅಡುಗೆಮನೆಯಲ್ಲಿ ಏಣಿ ನಿಂತಿತ್ತು. ಅದರ ನಾಲ್ಕನೆಯ ಮೆಟ್ಟಿಲಿನ ಮೇಲೆ ಪೇಂಟರಣ್ಣ ಕಣ್ಣು ಮುಚ್ಚಿ ನಿಂತಿದ್ದರು. ಏಣಿಯನ್ನು ಎರಡೂ ತೋಳುಗಳಿಂದ ಅಪ್ಪಿಕೊಂಡಿದ್ದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಅಣ್ಣಾ!” ಎಂದೆ.

“ಮಾತಾಡಿಸ್ಬೇಡ ತಂಗಿ,” ಎಂದರು ಕಣ್ಣು ತೆರೆಯದೆ. “ಮಾತಾಡಿಸಿದ್ರೆ ಇಳಿದ್ಬಿಡ್ತೀನಿ. ಇವತ್ತು ನಾಲ್ಕಕ್ಕೆ ಬಂದಿದೀನಿ. ನಿನ್ನೆ ಮೂರಕ್ಕೇ ಕಾಲು ನಡುಗಿತ್ತು.”

ಹೋಗಿ ಏಣಿಯ ಬುಡವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದು ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ, ಉಸಿರು ಸ್ವಲ್ಪ ಸಡಿಲವಾಯಿತು. ಕೆಳಗಿಳಿದ ಮೇಲೆ ನೀರು ಕುಡಿದು, “ಇವಳಿಗೆ ಹೇಳ್ಬೇಡ,” ಎಂದರು. “ಹತ್ತೋಕಾಗದೆ ಹೋದ್ರೆ, ಆಸೆ ತೋರಿಸಿ ಕೈಬಿಟ್ಟ ಹಾಗಾಗುತ್ತೆ.”

ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಏಣಿ ಹಿಡಿಯುವುದು ನನ್ನ ಕೆಲಸವಾಯಿತು. ಕೆಲವು ದಿನ ಮುಂದೆ ಹೋಗುತ್ತಿದ್ದರು, ಕೆಲವು ದಿನ ಹಿಂದೆ. ಒಮ್ಮೆ ಅಟ್ಟದ ಅಂಚಿಗೆ ಕೈ ತಾಕಿದ್ದೇ ತಡ, ಮೈಯೆಲ್ಲ ನಡುಕ ಬಂದು ಇಳಿದುಬಿಟ್ಟರು. ಆ ದಿನ ಏಣಿಯನ್ನು ಒದ್ದರು. ಪಾದಕ್ಕೇ ಪೆಟ್ಟಾಗಿ ಕುಂಟುತ್ತ ಹೋಗಿ ಕಿಟಕಿಗೆ ಬೆನ್ನು ಮಾಡಿ ಕೂತರು. ನಾಳೆ ನನ್ನನ್ನು ಕರೆಯುವುದಿಲ್ಲ ಎಂದುಕೊಂಡೇ ಮನೆಗೆ ಬಂದೆ. ಆದರೆ ಮಾರನೆಯ ಮಧ್ಯಾಹ್ನ ನೆಲದ ಮೇಲೆ ಕುಟ್ಟಿ ಕರೆದರು. ನಾನು ಹೋಗಿ ಏಣಿ ಹಿಡಿದೆ. ಅವರು ಹತ್ತಿದರು, ಅಂಚಿನಲ್ಲಿ ಕ್ಷಣ ಹೊತ್ತು ನಿಂತರು, ಹೊಟ್ಟೆಯ ಮೇಲೆ ತೆವಳಿ ಒಳಗೆ ಸರಿದರು. ಪಾದಗಳು ಕಾಣದಾದವು. ಮೇಲಿನಿಂದ ಸೀನಿದ ಸದ್ದು ಬಂತು, ಒಂದಾದ ಮೇಲೊಂದು, ಕಟ್ಟಡವೇ ನಡುಗುವ ಹಾಗೆ.

“ಧೂಳು ಕಣೇ! ಬರೀ ಧೂಳು!” ಎಂದು ಕೂಗಿದರು. ಆ ಹಳೆಯ ದನಿ. ಬೀದಿಯ ಆ ತುದಿಗೆ ಕೇಳುವಂಥದ್ದು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಅಟ್ಟ ದೊಡ್ಡದಿತ್ತು. ನಡುವೆ ನೆಟ್ಟಗೆ ನಿಲ್ಲಬಹುದು, ಎರಡೂ ಪಕ್ಕ ಮಾಡು ಇಳಿಜಾರಾಗಿ ಬರುತ್ತದೆ. ಮುರಿದ ಕುರ್ಚಿ, ಖಾಲಿ ಡಬ್ಬಿಗಳು, ಹಕ್ಕಿಯ ಪುಕ್ಕ. ತೊಲೆಗಳು ಮಾತ್ರ ಒಂದಕ್ಕಿಂತ ಒಂದು ಗಟ್ಟಿ. ಪೇಂಟರಣ್ಣ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಚೂಪು ಮೊಳೆಯಿಂದ ಕೆರೆದು ನೋಡಿದರು. ಕಿಂಡಿಯ ಮೇಲಿನ ತೊಲೆಯನ್ನಂತೂ ಮೂರು ಮಧ್ಯಾಹ್ನ ಪರೀಕ್ಷೆ ಮಾಡಿದರು. ಅದಕ್ಕೆ ಮೊದಲು ಕದ ತೆರೆಯಬೇಕಿತ್ತು, ನಿಜವಾದ ಕಷ್ಟ ಅಲ್ಲಿತ್ತು. ಏಣಿ ಏನು ಮಹಾ, ಬಿದ್ದರೆ ಅಡುಗೆಮನೆಯ ನೆಲ. ಕದ ತೆರೆದರೆ ಮೂರು ಅಂತಸ್ತಿನ ಆಳ.

ಕದ ತೆರೆದ ದಿನ ಅವರು ನನ್ನನ್ನೂ ಅಟ್ಟಕ್ಕೆ ಹತ್ತಿಸಿದರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ಇನ್ನೊಂದು ತುದಿಯನ್ನು ಒಳಗಿನ ತೊಲೆಗೆ ಕಟ್ಟಿ, ಮಲಗಿಕೊಂಡೇ ಮುಂದೆ ಸರಿದರು. ಚಿಲಕ ಜಗ್ಗಿದರು. ಕದಗಳು ಹೊರಕ್ಕೆ ತೆರೆದುಕೊಂಡವು. ತಣ್ಣನೆಯ ಗಾಳಿ ಬಂತು. ಅವರು ತಲೆಯನ್ನಷ್ಟೇ ಹೊರಗೆ ಚಾಚಿ ಕೆಳಗೆ ನೋಡಿದರು. ಬೆರಳುಗಳು ಹಲಗೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಉಗುರು ಬೆಳ್ಳಗಾಗಿದ್ದವು.

“ಏನು ಕಾಣುತ್ತೆ ಅಣ್ಣ?” ಎಂದೆ.

ಕುತ್ತಿಗೆಯನ್ನು ಇನ್ನೊಂದು ಗೇಣು ಮುಂದೆ ಚಾಚಿದರು. ಆಮೇಲೆ, “ಓನರಮ್ಮನ ಕಾಲೊರಸು,” ಎಂದರು. “ಜಾಡಿಸಿ ಎಷ್ಟು ಕಾಲ ಆಯ್ತೋ ಏನೋ.”

ಆಗ ನನಗೆ ಗೊತ್ತಾಯಿತು, ಇನ್ನು ಭಯವಿಲ್ಲ ಎಂದು.

ಅವರ ಹಳೆಯ ಹಗ್ಗಗಳು ಪೆಟ್ಟಿಗೆಯಲ್ಲಿದ್ದವು. ಹೊರಗೆ ತೆಗೆದು ನೋಡಿ, “ಇವು ಕೂತು ಕೂತು ಕೆಟ್ಟಿವೆ,” ಎಂದು ಎಲ್ಲವನ್ನೂ ತುಂಡು ತುಂಡು ಕತ್ತರಿಸಿದರು, ಯಾರೂ ಮರೆತು ಬಳಸಬಾರದೆಂದು. ಹೊಸ ಹಗ್ಗ ಬೇಕಾಯಿತು. ಹಗ್ಗದ ಅಂಗಡಿ ಪೇಟೆಯಲ್ಲಿ. ಅವರು ಬೀದಿಯ ತಿರುವು ದಾಟಿದ್ದು ಅವತ್ತೇ. ನಡುವೆ ಮೂರು ಕಡೆ ಕೂತು ಸುಧಾರಿಸಿಕೊಂಡು, ಅಂಗಡಿಯವನ ಮುಂದೆ ಇಡೀ ಸುರುಳಿಯನ್ನು ಅಂಗೈಯಲ್ಲಿ ಎಳೆದು ನೋಡಿ ಆರಿಸಿ ತಂದರು. ರಾಟೆಗಳು ಅವರ ಹತ್ತಿರವೇ ಇದ್ದವು, ಎಣ್ಣೆ ಹಾಕಿದ್ದಕ್ಕೆ ಹೊಸದರಂತೆ ತಿರುಗಿದವು. ಹಗ್ಗವನ್ನು ಮೇಲೆರಡು ಕೆಳಗೆರಡು ರಾಟೆಗಳಲ್ಲಿ ಹಾಯಿಸಿದರೆ ಮಣ ಭಾರವೂ ಕಾಲು ಭಾಗಕ್ಕಿಳಿಯುತ್ತದೆ ಎಂದು ನನಗೆ ತೋರಿಸಿಕೊಟ್ಟರು. ಸೈಕಲ್ಲಿನ ಕೊಳವೆಗೆ ಸುತ್ತಿ ಎತ್ತಲು ಎರಡು ಪಟ್ಟಿ ಬೇಕೆಂದರು. ದಪ್ಪ ಕ್ಯಾನ್ವಾಸನ್ನು ನಾಲ್ಕು ಮಡಿಕೆ ಮಾಡಿ ನಾನು ಹೊಲಿದುಕೊಟ್ಟೆ. ನನ್ನ ಎರಡು ಸೂಜಿ ಮುರಿದವು. ಅವರು ಪಟ್ಟಿಗಳನ್ನು ತೊಲೆಗೆ ಕಟ್ಟಿ ಜೋತುಬಿದ್ದು ನೋಡಿ, “ಇದು ನನಗಿಂತ ಗಟ್ಟಿ,” ಎಂದರು.

ಎಲ್ಲ ಸಿದ್ಧವಾದ ಹೊತ್ತಿಗೆ ವಿಷಯ ಓನರಮ್ಮನ ಕಿವಿಗೆ ಬಿತ್ತು. ಬಾವಿಯ ನಡುವೆ ಹಗ್ಗ ತೂಗಾಡುವುದನ್ನು ಕಂಡು ಅವರು ಕೋಲೂರಿಕೊಂಡು ಹೊರಗೆ ಬಂದು, ತಲೆಯೆತ್ತಿ ಕೂಗಿದರು.

“ಏನಪ್ಪಾ ಅದು? ನನ್ನ ನೆತ್ತಿ ಮೇಲೆ ಸೈಕಲ್ ತೂಗಿಬಿಡ್ತೀಯಾ? ಬಿದ್ರೆ?”

ಪೇಂಟರಣ್ಣ ಕಿಂಡಿಯಿಂದ ಮುಖ ಹೊರಗೆ ಹಾಕಿದರು. “ಬೀಳಲ್ಲಮ್ಮ.”

“ನೀನೇ ಬಿದ್ದೋನು. ನಿನ್ನ ಮಾತು ಹೇಗೆ ನಂಬಲಿ?”

ಆ ಮಾತು ಆಡಿದ ಮೇಲೆ ಓನರಮ್ಮನಿಗೇ ಕಸಿವಿಸಿಯಾಯಿತು. ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಪೇಂಟರಣ್ಣ ಒಳಗೆ ಸರಿದುಕೊಂಡರು. ಮುಗಿಯಿತು, ಮತ್ತೆ ಕಿಟಕಿಗೆ ಬೆನ್ನು ಮಾಡಿ ಕೂರುತ್ತಾರೆ ಎಂದುಕೊಂಡೆ.

ಆದರೆ ಅವರು ಮತ್ತೆ ಕಾಣಿಸಿಕೊಂಡರು. ಕೈಯಲ್ಲಿ ಒಂದು ಹಲಗೆ ಇತ್ತು.

“ನೀವು ಹೇಳಿದ್ದು ಸರಿ ಅಮ್ಮ,” ಎಂದರು. “ಸೈಕಲ್‌ಗೆ ಮೊದಲು ನಾನೇ ಇಳಿದು ತೋರಿಸ್ತೀನಿ. ನನ್ನ ತೂಕ ನಾಲ್ಕು ಸೈಕಲ್ ಆದ್ರೂ ಇರುತ್ತೆ. ನೀವು ಸ್ವಲ್ಪ ಬಾಗಿಲೊಳಗೆ ಸರ್ಕೊಳ್ಳಿ. ತಂಗಿ, ನೀನು ನಿನ್ನ ಬಾಗಿಲಲ್ಲಿ ನಿಂತು ನೋಡ್ತಿರು.”

“ಬೇಡಪ್ಪಾ, ನಾನೇನೋ ಬಾಯಿಗೆ ಬಂದದ್ದು ಅಂದೆ...” ಎಂದರು ಓನರಮ್ಮ.

ಪೇಂಟರಣ್ಣ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಲಗೆಯನ್ನು ಕೆಳಗಿನ ರಾಟೆಗೆ ಕಟ್ಟಿದರು. ಎಳೆಯುವ ಹಗ್ಗವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಸೊಂಟಕ್ಕೆ ಬೇರೆಯೇ ಒಂದು ಹಗ್ಗ ಬಿಗಿದು ಅದನ್ನು ಇನ್ನೊಂದು ತೊಲೆಗೆ ಕಟ್ಟಿದರು. ಗಂಟುಗಳನ್ನು ಒಂದೊಂದಾಗಿ ಜಗ್ಗಿ ನೋಡಿದರು. ಆಮೇಲೆ ಕಿಂಡಿಯ ಅಂಚಿನಲ್ಲಿ ಕೂತು, ಎರಡೂ ಕಾಲುಗಳನ್ನು ಬಾವಿಯ ಕಡೆಗೆ ಇಳಿಬಿಟ್ಟರು. ಉಸಿರು ಎಳೆದುಕೊಂಡರು. ಜಾರಿದರು.

ಹಗ್ಗ ಬಿಗಿಯಾಯಿತು. ತೊಲೆ ಒಮ್ಮೆ ನರಳಿ ಸುಮ್ಮನಾಯಿತು. ಹಲಗೆ ಮೆಲ್ಲಗೆ ತಿರುಗುತ್ತ ನಿಂತಿತು. ಅದರ ಮೇಲೆ ಪೇಂಟರಣ್ಣ, ಮೂರು ಅಂತಸ್ತಿನ ಖಾಲಿಯ ಮೇಲೆ, ಅಂಗೈಯಷ್ಟು ಅಗಲದ ಮರದ ಮೇಲೆ. ಅವರು ಕೈಯಿಂದ ಹಗ್ಗ ಬಿಡುತ್ತ ಬಿಡುತ್ತ ಇಳಿಯತೊಡಗಿದರು. ಒಂದು ಮೊಳ, ಇನ್ನೊಂದು ಮೊಳ. ಕಣ್ಣು ತೆರೆದೇ ಇದ್ದವು. ನನ್ನ ಬಾಗಿಲಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ನನ್ನ ಮುಖ ನೋಡಿ, “ಟೈಲರಮ್ಮಾ, ಬಾಗಿಲಿಗೆ ಗೀರು ಬಿದ್ದಿದೆ. ಬಣ್ಣ ಹೊಡೆಸ್ತೀರಾ?” ಎಂದರು. ಮಾತು ನಡುಗಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಕೆಳಗಿನ ಬೀದಿ ಬಾಗಿಲು ತೆರೆಯಿತು. ಅತ್ತಿಗೆ ಸೈಕಲ್ ಹೆಗಲಿಗೇರಿಸಿಕೊಂಡೇ ಒಳಗೆ ಬಂದರು. ಓನರಮ್ಮ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿರುವುದನ್ನು ಕಂಡು ತಾವೂ ತಲೆಯೆತ್ತಿದರು. ವರ್ಷಗಟ್ಟಲೆ ಸ್ಟೂಲು ಹತ್ತದ ಗಂಡ ಆಕಾಶದಿಂದ ಇಳಿದು ಬರುತ್ತಿದ್ದ.

ಸೈಕಲ್ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಅತ್ತಿಗೆ ಕೂಗಲಿಲ್ಲ. ಕೂಗಿದರೆ ಗಂಡನ ಕೈಯಿಂದ ಹಗ್ಗ ತಪ್ಪೀತೆಂದು ಎರಡೂ ಕೈಗಳಿಂದ ತಮ್ಮ ಬಾಯಿಯನ್ನೇ ಮುಚ್ಚಿಕೊಂಡರು. ಗಂಡ ಪೂರ್ತಿ ಇಳಿದು, ಪಾದ ನೆಲ ಮುಟ್ಟಿ, ಹಗ್ಗ ಕಟ್ಟಿ ಭದ್ರ ಮಾಡಿ, ಎದ್ದು ನಿಲ್ಲುವವರೆಗೆ ಹಾಗೇ ನಿಂತಿದ್ದರು. ಆಮೇಲೆ ಬೈಗುಳ ಶುರುವಾಯಿತು ನೋಡಿ! ನಿಮಗೆ ಬುದ್ಧಿ ಇದೆಯಾ, ಒಂದು ಸೊಂಟ ಮುರ್ಕೊಂಡಿದ್ದು ಸಾಲದಾ, ನನಗೊಂದು ಮಾತು ಹೇಳಬಾರದಿತ್ತಾ, ಈ ಟೈಲರಮ್ಮನಿಗೂ ಗೊತ್ತಿತ್ತಾ, ಅವಳಿಗೂ ಇದೆ ಇವತ್ತು! ಬೈಯುತ್ತ ಬೈಯುತ್ತಲೇ ಗಂಡನ ಅಂಗಿಯ ಧೂಳು ಕೊಡವಿದರು, ತಲೆಗೂದಲಿನಿಂದ ಜೇಡರ ಬಲೆ ತೆಗೆದರು. ನಡುವೆ ಎಲ್ಲೋ ಬೈಗುಳ ನಿಂತು ನಗು ಬಂತು, ನಗುವಿನ ಹಿಂದೆಯೇ ಅಳು ಬಂತು.

“ಮುಗೀತಾ?” ಎಂದರು ಪೇಂಟರಣ್ಣ. “ಮುಗಿದ್ರೆ ಆ ಸೈಕಲ್ ಎತ್ತಿ ಕೊಡು. ಇನ್ಮೇಲೆ ನೀನು ಅದನ್ನ ಹೊರೋ ಹಾಗಿಲ್ಲ.”

ಪಟ್ಟಿ ಸುತ್ತಿ, ಕೊಕ್ಕೆ ಸಿಕ್ಕಿಸಿ, ಹಗ್ಗದ ತುದಿಯನ್ನು ಹೆಂಡತಿಯ ಕೈಗೇ ಕೊಟ್ಟರು. ಅತ್ತಿಗೆ ಅನುಮಾನದಿಂದಲೇ ಜಗ್ಗಿದರು. ಸೈಕಲ್ ನೆಲ ಬಿಟ್ಟಿತು. ಇನ್ನೊಮ್ಮೆ ಜಗ್ಗಿದರು, ನನ್ನ ಬಾಗಿಲಿನವರೆಗೆ ಬರುವ ಹೊತ್ತಿಗೆ ಅವರ ಮುಖ ಇಷ್ಟಗಲವಾಗಿತ್ತು. “ಅಯ್ಯೋ, ಒದ್ದೆ ಚಾದರ ಎತ್ತೋದಕ್ಕಿಂತ ಹಗುರ ಕಣ್ರೀ ಇದು!” ಎಂದರು. ಅಷ್ಟರಲ್ಲಿ ಪೇಂಟರಣ್ಣ ಮೆಟ್ಟಿಲು ಹತ್ತಿ, ಅಡುಗೆಮನೆಯ ಏಣಿ ಹತ್ತಿ, ಕಿಂಡಿಯಲ್ಲಿ ಕಾದಿದ್ದರು. ಸೈಕಲ್ಲನ್ನು ಒಳಗೆಳೆದುಕೊಂಡು, ತೊಲೆಗೆ ಬಿಗಿದ ಕೊಕ್ಕೆಗೆ ಅದರ ಮುಂದಿನ ಚಕ್ರ ಸಿಕ್ಕಿಸಿದರು. ಮಗಳು ಬಂದಾಗ ಅವಳದೂ ಏರಿತು. ಕತ್ತಲಾಗುವ ಮೊದಲು ಎರಡು ಸೈಕಲ್ಲುಗಳೂ ಹೆಂಚಿನ ಅಡಿಯಲ್ಲಿ ಅಕ್ಕಪಕ್ಕ ನೇತಾಡುತ್ತಿದ್ದವು. ಒಲೆಯ ಪಕ್ಕದ ಜಾಗ ಖಾಲಿಯಾಗಿತ್ತು, ಮಂಚದ ಪಕ್ಕದ ಜಾಗವೂ ಖಾಲಿಯಾಗಿತ್ತು.

ಮಾರನೆಯ ದಿನ ಓನರಮ್ಮ ತರಕಾರಿ ಚೀಲವನ್ನು ಹಗ್ಗದ ಹತ್ತಿರ ಇಟ್ಟು, “ನಾನು ಕೆಳಗೇ ಇರೋಳು, ನನಗೇನು ಪ್ರಯೋಜನ ಇದರಿಂದ?” ಎಂದು ಗೊಣಗಿದರು. ಆಮೇಲೆ ತಾವೇ ಉಪಾಯ ಕಂಡುಕೊಂಡರು. ಅವರ ಮನೆಯಲ್ಲಿ ಮೂಲೆ ಹಿಡಿದಿದ್ದ ದೊಡ್ಡ ಪೆಟ್ಟಿಗೆಗಳನ್ನು ಒಂದೊಂದಾಗಿ ಅಟ್ಟಕ್ಕೆ ಕಳಿಸಿದರು. ಹಗ್ಗ ಎಳೆಯುವುದು ಎಷ್ಟು ಹಿತವೆನಿಸಿತೆಂದರೆ, ಸಂಜೆ ಅತ್ತಿಗೆ ಬರುವ ಹೊತ್ತಿಗೆ ಕುರ್ಚಿ ಹಾಕಿಕೊಂಡು ಕಾದಿದ್ದು, “ಕೊಡಿಲ್ಲಿ, ನಾನೆಳೀತೀನಿ, ನನ್ನ ತೋಳಿಗೂ ವ್ಯಾಯಾಮ,” ಎನ್ನತೊಡಗಿದರು.

ಮೂರನೆಯ ಸೈಕಲ್ಲಿನ ವಿಚಾರ ಎತ್ತಿದ್ದು ಮಗಳು. ನಡೆಯುವುದಕ್ಕಿಂತ ಸೈಕಲ್ ತುಳಿಯುವುದು ಸೊಂಟಕ್ಕೆ ಹಗುರ ಎಂದು ಡಾಕ್ಟರು ಎಂದೋ ಹೇಳಿದ್ದರು. ಆಗ ಪೇಂಟರಣ್ಣ ಕಿವಿಗೆ ಹಾಕಿಕೊಂಡಿರಲಿಲ್ಲ.

“ಅಪ್ಪ, ಆಕಾಶದಿಂದ ಇಳಿದೋರು ನೀವು. ಎರಡು ಚಕ್ರಕ್ಕೆ ಹೆದರ್ತೀರಾ?” ಎಂದಳು.

ಹಿಂದಿನ ಗಲ್ಲಿಯಲ್ಲಿ ಅವಳ ಸೈಕಲ್ ಮೇಲೆ ಕೂತರು. ಮೊದಲ ಸುತ್ತಿನಲ್ಲಿ ಕಸದ ಡಬ್ಬಕ್ಕೆ ಗುದ್ದಿದರು. ಎರಡನೆಯ ಸುತ್ತಿನಲ್ಲಿ ಸೊಂಟ ಕಟಕ್ಕೆಂದಿತು. ಮಗಳು ಓಡಿ ಬಂದಳು. “ಸುಮ್ಮನಿರು, ಅದು ನೋವಲ್ಲ, ಬಿಗಿ ಬಿಟ್ಕೊಂಡ ಸದ್ದು,” ಎಂದು ಮುಂದೆ ಹೋಗಿಬಿಟ್ಟರು. ಗಲ್ಲಿಯ ತುದಿಗೆ ಹೋಗಿ, ತಿರುಗಿ ಬರುವರೆಂದು ಅವಳು ಕಾದಳು. ಬರಲಿಲ್ಲ. ಪೇಟೆಗೆ ಹೋಗಿ, ಹಗ್ಗದ ಅಂಗಡಿಯವನ ಜೊತೆ ಹರಟೆ ಹೊಡೆದು, ಬಿಸಿಬಿಸಿ ಬನ್ನಿನ ಪೊಟ್ಟಣ ಹಿಡಿದುಕೊಂಡು ವಾಪಸು ಬಂದರು. ಒಂದು ಬನ್ನು ನನಗೂ ಸಿಕ್ಕಿತು.

ಈಗ ಅವರದೂ ಒಂದು ಸೈಕಲ್ ಇದೆ. ಹಸಿರು ಬಣ್ಣ, ಅವರೇ ಹೊಡೆದದ್ದು. ನಮ್ಮ ಕಟ್ಟಡದ ಸುದ್ದಿ ಬೀದಿಯಲ್ಲಿ ಹರಡಿ, ಎದುರು ಮನೆಯವರು ಕರೆದರು, ಆಮೇಲೆ ಪಕ್ಕದ ಬೀದಿಯವರು. ಎಲ್ಲೆಲ್ಲಿ ಕಿರಿದಾದ ಮನೆಗಳಿವೆಯೋ, ಎಲ್ಲೆಲ್ಲಿ ತಲೆಯ ಮೇಲೆ ಅಟ್ಟ ಸುಮ್ಮನೆ ಬಿದ್ದಿದೆಯೋ ಅಲ್ಲಿಗೆ ಪೇಂಟರಣ್ಣ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಮೊದಲು ತೊಲೆ ತಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ, ಯಾರು ಎಷ್ಟು ಗೋಗರೆದರೂ ಹಗ್ಗ ಕಟ್ಟುವುದಿಲ್ಲ. ತೊಲೆ ಬದಲಿಸಿ ಕರೀರಿ ಎಂದು ಬಂದುಬಿಡುತ್ತಾರೆ.

ಕಳೆದ ಭಾನುವಾರ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಮೇಲಿನಿಂದ ಒಂದಾದ ಮೇಲೊಂದು ಮೂರು ಸೈಕಲ್ಲುಗಳು ನನ್ನ ಮೂಗಿನ ಮುಂದೆಯೇ ಇಳಿದು ಹೋದವು. ಊರಾಚೆಯ ದೊಡ್ಡ ಸೇತುವೆಯವರೆಗೆ ಮೂವರೂ ಹೋಗುವವರಿದ್ದರು. ಸೇತುವೆಗೆ ಹೋಗುವ ದಾರಿ ಎಂಥ ಏರು ಎಂದು ಈ ಊರಿನ ಎಲ್ಲರಿಗೂ ಗೊತ್ತು, ಗಟ್ಟಿ ಆಳುಗಳೂ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಿರುಗಿ ಬಂದಾಗ ಮಗಳ ಮುಖ ಟೊಮೇಟೊ ಹಣ್ಣಿನಂತಾಗಿತ್ತು.

“ಯಾರು ಗೆದ್ದಿದ್ದು?” ಎಂದು ಓನರಮ್ಮ ಕುರ್ಚಿಯಿಂದಲೇ ಕೇಳಿದರು.

“ನಾನು ಅರ್ಧದಲ್ಲೇ ಇಳಿದೆ,” ಎಂದಳು ಮಗಳು.

“ನಾನು ಮುಕ್ಕಾಲಲ್ಲಿ,” ಎಂದರು ಅತ್ತಿಗೆ.

ಪೇಂಟರಣ್ಣ ಹಸಿರು ಸೈಕಲ್ಲಿಗೆ ಪಟ್ಟಿ ಸುತ್ತುತ್ತಿದ್ದರು. ಆದರೆ ಆ ನಗು ಮುಚ್ಚಿಡುವುದು ಅವರಿಂದಾಗಲಿಲ್ಲ. ಅದು ಕಿವಿಯಿಂದ ಕಿವಿಗೆ ಹಬ್ಬಿತು, ಆಮೇಲೆ ಹೊರಗೇ ಬಿತ್ತು, ಬೀದಿಯ ಎರಡೂ ತುದಿಗೆ ಕೇಳಿಸುವಷ್ಟು ಜೋರಾಗಿ.

“ಮೇಲಿಂದ ಇಡೀ ಊರು ಕಾಣುತ್ತೆ ಓನರಮ್ಮ,” ಎಂದರು. “ಮುಂದಿನ ಸಲ ಕ್ಯಾರಿಯರ್ ಮೇಲೆ ನಿಮ್ಮನ್ನೂ ಕೂರಿಸ್ಕೊಂಡು ಹೋಗ್ತೀನಿ.”

ಓನರಮ್ಮ ಹಗ್ಗ ಕೈಗೆತ್ತಿಕೊಳ್ಳುತ್ತ, “ಮೊದಲು ಕ್ಯಾರಿಯರ್‌ಗೆ ಒಂದು ದಿಂಬು ಕಟ್ಟಿಸು,” ಎಂದರು.

ದಿಂಬು ನಾನು ಹೊಲಿಯುತ್ತಿದ್ದೇನೆ.